ಹೆಬ್ಬೆರಳಿನ ಉತ್ತರ

"ನಿಮ್ಮ ಯಜಮಾನ್ರಿಗೆ ಬಾಯಿ ಮುಚ್ಕೊಂಡಿರೋಕೆ ಬರುತ್ತಾ?"

ಸ್ಕ್ಯಾನಿಂಗ್ ಕೋಣೆಯ ಟೆಕ್ನಿಷಿಯನ್ ಬಾಗಿಲಿಗೇ ಬಂದು ಹೀಗೆ ಕೇಳಿದಾಗ ಹಗ್ಗದಕ್ಕನಿಗೆ ಸಿಟ್ಟು ಬರಲಿಲ್ಲ. ಮದುವೆಯಾದ ಮೂವತ್ತೊಂದು ವರ್ಷದಿಂದ ಅವಳೂ ಅದನ್ನೇ ಕೇಳುತ್ತಿದ್ದಳು.

ಅವಳ ಗಂಡ ಎತ್ತರದ ಕಟ್ಟಡಗಳಿಗೆ ಬಣ್ಣ ಬಳಿಯುವ ಪೇಂಟರ್. ಅವನು ಮೇಲೆ ತೂಗುಹಲಗೆಯಲ್ಲಿ, ಇವಳು ಕೆಳಗೆ ಹಗ್ಗ ಹಿಡಿದು. ಅದಕ್ಕೇ ಆ ಹೆಸರು. ಎರಡು ತಿಂಗಳ ಹಿಂದೆ ಪೇಂಟರಿಗೆ ಹಾರ್ಟ್ ಅಟ್ಯಾಕ್ ಆಗಿತ್ತು. ಅದೂ ಏಳನೇ ಮಹಡಿಯಲ್ಲಲ್ಲ, ಮನೆಯಲ್ಲಿ ಚಪ್ಪಲಿ ಹುಡುಕುವಾಗ! ಮುಚ್ಚಿಹೋದ ರಕ್ತನಾಳವನ್ನು ತೆರೆದರೆ ಪ್ರಯೋಜನವಿದೆಯೇ ಎಂಬುದು ಇವತ್ತಿನ ಎಂ.ಆರ್.ಐ.ಯಿಂದ ತಿಳಿಯಬೇಕಿತ್ತು. ಅದರಿಂದ ರಕ್ತ ಪಡೆಯುವ ಹೃದಯದ ಮಾಂಸ ಪೂರ್ತಿ ಸತ್ತು ಕಲೆಗಟ್ಟಿದ್ದರೆ ತೆರೆದೂ ಫಲವಿಲ್ಲ. ಜೀವ ಉಳಿದಿದ್ದರೆ ಹೃದಯ ಚೇತರಿಸಿಕೊಂಡೀತು. ಡಾಕ್ಟರಮ್ಮ ಹೀಗೆಂದ ದಿನದಿಂದ ಹಗ್ಗದಕ್ಕನಿಗೆ ತುತ್ತು ಗಂಟಲಲ್ಲಿ ಇಳಿದಿರಲಿಲ್ಲ. ಪೇಂಟರ್ ಮಹಾಶಯ ಮಾತ್ರ ಅವಳ ಪಾಲನ್ನೂ ತಿಂದು ತೇಗುತ್ತಿದ್ದ.

"ಉಸಿರು ಬಿಟ್ಟು ಹಾಗೇ ತಡ್ಕೊಳ್ಳಿ ಅಂತೀನಿ," ಟೆಕ್ನಿಷಿಯನ್ ಅಳುವುದೊಂದು ಬಾಕಿ. "ತಡ್ಕೊಂಡ ಮೇಲೆ 'ಆಯ್ತೂ' ಅಂತ ಕೂಗ್ತಾರೆ. ಎದೆ ಅಲ್ಲಾಡಿ ಚಿತ್ರವೆಲ್ಲ ಕಲಸಿಹೋಗುತ್ತೆ. ಕೂಗ್ಬೇಡಿ ಅಂದ್ರೆ, ತೊಂದ್ರೆ ಆದಾಗ ಹಿಸುಕೋಕೆ ಕೊಟ್ಟ ರಬ್ಬರ್ ಉಂಡೆ ಹಿಸುಕ್ತಾರೆ. ಎರಡು ಸಲ ಎದ್ದುಬಿದ್ದು ಓಡಿದೆ, ಒಳಗೆ ನಗ್ತಾ ಮಲಗಿದ್ದಾರೆ! ಚಿತ್ರ ಸರಿಯಾಗಿ ಮೂಡ್ಲಿ ಅಂತ ಔಷಧಿ ಚುಚ್ಚಿ ಹತ್ತು ನಿಮಿಷ ಆಯ್ತು. ಇನ್ನೂ ತಡ ಮಾಡಿದ್ರೆ ಅದು ಮೈಯಿಂದ ತೊಳೆದುಹೋಗುತ್ತೆ, ಏನೂ ಕಾಣಲ್ಲ."

ಹಗ್ಗದಕ್ಕನಿಗೆ ತಟ್ಟನೆ ಹೊಳೆಯಿತು. ಅವರ ಕಸುಬಿನಲ್ಲಿ ಕೆಳಗಿನಿಂದ ಕೂಗಿದ್ದಕ್ಕೆ ಮೇಲಿನವನು ಉತ್ತರ ಕೊಡದಿದ್ದರೆ ಅನಾಹುತವಾಯಿತೆಂದೇ ಅರ್ಥ. ಆ ನಿಯಮವನ್ನು ಬೈದು ಬೈದು ಅವನ ತಲೆಗೆ ತುಂಬಿದವಳು ತಾನೇ. ಮಾಡಿದ್ದುಣ್ಣೋ ಮಹರಾಯ!

ಅವಳು ಗಾಜಿನ ಈಚೆ ಮೈಕಿನ ಮುಂದೆ ಕುಳಿತಳು. ಯಂತ್ರದ ಸುರಂಗದಿಂದ ಅವನ ಪಾದಗಳೆರಡು ಹೊರಗೆ ಕಾಣುತ್ತಿದ್ದವು.

"ರೀ, ನಾನು. ಇವತ್ತು ಗಾಳಿ ಜೋರಿದೆ, ಕೂಗು ಕೇಳ್ಸಲ್ಲ ಅಂತ ತಿಳ್ಕೊಳ್ಳಿ. ಬಾಯೂ ಬೇಡ, ಕೈಯೂ ಬೇಡ. ಕಾಲಿನ ಹೆಬ್ಬೆರಳು ಒಂದ್ಸಲ ಅಲ್ಲಾಡ್ಸಿ, ಆಮೇಲೆ ಕಲ್ಲಿನ ಹಾಗಿರ್ಬೇಕು. ಗೊತ್ತಾಯ್ತಾ?"

ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಟೆಕ್ನಿಷಿಯನ್ ಬಾಯಿಬಿಟ್ಟುಕೊಂಡು ನೋಡಿದಳು.

ಅಲ್ಲಿಂದ ಕೆಲಸ ಹೂವೆತ್ತಿದಷ್ಟು ಸಲೀಸು. "ಉಸಿರು ಬಿಡಿ, ತಡ್ಕೊಳ್ಳಿ," ಹೆಬ್ಬೆರಳು, ಗಡಗಡ ಸದ್ದು, ಒಂದು ಚಿತ್ರ. ಪರದೆಯ ಮೇಲೆ ಹೃದಯದ ಗೋಡೆ ಬಳೆಯಂಥ ಒಂದು ದಪ್ಪ ಉಂಗುರವಾಗಿ ಮೂಡಿತು. ಕಪ್ಪು, ಬರೀ ಕಪ್ಪು. ಜೀವಮಾನವಿಡೀ ಬಿಳುಪೇ ಒಳ್ಳೆಯದೆಂದು ಬಾಳಿದ ಹಗ್ಗದಕ್ಕ ಎಲ್ಲ ಮುಗಿಯಿತೆಂದುಕೊಂಡಳು. ಆದರೂ ದನಿ ನಡುಗಲು ಬಿಡಲಿಲ್ಲ. ಮೇಲಿರುವವನಿಗೆ ಕೆಳಗಿನ ನಡುಕ ತಿಳಿಯಬಾರದು. ಕೊನೆಯ ಚಿತ್ರದವರೆಗೂ ಅದೇ ಗಟ್ಟಿ ದನಿಯಲ್ಲಿ ಹೇಳಿ ಮುಗಿಸಿದಳು.

ಡಾಕ್ಟರಮ್ಮ ಬಂದು ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದರು. ಹಗ್ಗದಕ್ಕನಿಗೆ ತಡೆಯಲಾಗಲಿಲ್ಲ. "ಎಲ್ಲಾ ಕರಕಲಾಗಿದೆಯಲ್ಲಮ್ಮಾ!"

"ಅಯ್ಯೋ, ಕಪ್ಪಗಿರೋದೇ ಜೀವ ಇರೋ ಮಾಂಸ. ಸತ್ತ ಕಡೆ ಔಷಧಿ ನಿಂತು ಬೆಳ್ಳಗೆ ಕಾಣುತ್ತೆ. ಇಲ್ಲಿ ನೋಡಿ, ಒಳಅಂಚಲ್ಲಿ ತೆಳ್ಳಗೆ ಒಂದು ಬಿಳಿ ಗೆರೆ."

"ಗೋಡೆ ದಪ್ಪದಲ್ಲಿ ಎಷ್ಟು ತಿಂದಿದೆ?"

"ಕಾಲು ಭಾಗವೂ ಇಲ್ಲ."

"ಅಂದ್ರೆ ಗಾರೆ ಉದುರಿದೆ, ಇಟ್ಟಿಗೆ ಗಟ್ಟಿ ಇದೆ."

"ಇದನ್ನೇ ಹೇಳ್ಕೊಡೋಕೆ ನಾನು ಒಂದು ಗಂಟೆ ಪಾಠ ಮಾಡ್ತೀನಿ," ಎಂದು ಡಾಕ್ಟರಮ್ಮ ನಕ್ಕರು. "ರಕ್ತನಾಳ ತೆರೆಯೋಣ. ಒಳ್ಳೇದಾಗೋ ನಿರೀಕ್ಷೆ ಚೆನ್ನಾಗಿದೆ. ಏಣಿ ಹತ್ತೋ ಮಾತು ಮಾತ್ರ ಆಮೇಲೆ."

ಹಗ್ಗದಕ್ಕ ಸೆರಗಿನಲ್ಲಿ ಮುಖ ಮುಚ್ಚಿ ಗಳಗಳನೆ ಅತ್ತಳು, ಅಳುತ್ತಲೇ ನಕ್ಕಳು.

ಪೇಂಟರ್ ಗಾಲಿಕುರ್ಚಿಯಲ್ಲಿ ಹೊರಬಂದ. ಅವಳು ಅವನೆದುರು ಕುಕ್ಕರಗಾಲಲ್ಲಿ ಕುಳಿತು, ಬಿಳಿ ಗೆರೆಯಿಂದ ಇಟ್ಟಿಗೆಯವರೆಗೆ ಎಲ್ಲ ಹೇಳಿದಳು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅವನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹೆದರಿಕೆಯನ್ನೆಲ್ಲ ಅವನೂ ತೇಗಿನ ಹಿಂದೆಯೇ ಬಚ್ಚಿಟ್ಟಿದ್ದನೆಂದು ಅವಳಿಗೆ ಆಗ ತಿಳಿಯಿತು.

"ಕೇಳಿಸ್ತೇನ್ರೀ?"

ಹಗ್ಗದಕ್ಕ ತಲೆ ತಗ್ಗಿಸಿ ನೋಡಿದಳು. ಬರಿಗಾಲಿನ ಹೆಬ್ಬೆರಳು ಅಲ್ಲಾಡುತ್ತಿತ್ತು, ಒಂದು ಸಲವಲ್ಲ, ನಿಲ್ಲದೆ.