ಪ್ಲೇಟಿನಲ್ಲಿ ಉಳಿದ ಬೇರು

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಲೋಕ ಇನ್ನೂ ಕೇಳುತ್ತಲೇ ಇದೆ. ನಾನು ಅದರ ಬಾಯಿಗೇ ಕೈ ಹಾಕಿ ಹೊಟ್ಟೆ ಹೊರೆಯುವವಳು, ಮುದಿ ಬೆಕ್ಕುಗಳ ಹಲ್ಲಿನ ಡಾಕ್ಟರು. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನಮ್ಮ ನರ್ಸಮ್ಮ ಹೇಳುತ್ತಾಳೆ, ಅದೂ ನನಗೆ ಕೇಳುವ ಹಾಗೆ.

ಆ ದಿನ ಬೆಳಿಗ್ಗೆ ದರ್ಜಿಯ ಬೆಕ್ಕು ನನ್ನ ಮೇಜಿನ ಮೇಲೆ ಸತ್ತಿತು. ಎಕ್ಸ್-ರೇ ತೆಗೆದಾಗಿತ್ತು. ಹಲ್ಲು ಮುಟ್ಟುವ ಮೊದಲೇ ಅರಿವಳಿಕೆಯಲ್ಲಿ ಉಸಿರು ನಿಂತಿತು. ದರ್ಜಿ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ನಾನು ಗಾಳೀಲಿ ಕತ್ತರಿ ಆಡಿಸಿದ್ರೇನೇ ತಟ್ಟೆಗೆ ಬಾಯಿ ಹಾಕ್ತಿತ್ತು ಮೇಡಂ. ಅಷ್ಟು ಜಂಬ," ಎಂದು ನಗಲು ನೋಡಿ, ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಅಂಗಡಿಯ ಹಿಂದೆ ಮಣ್ಣು ಮಾಡಲು ಹೋದ.

ಮಧ್ಯಾಹ್ನ ಅಕ್ಕ ತನ್ನ ಬೆಕ್ಕನ್ನು ತಂದಳು. ನಾವದನ್ನು ಮಹಾರಾಣಿ ಎನ್ನುತ್ತಿದ್ದೆವು. ಭಾವ ತೀರಿಕೊಂಡ ಮೇಲೆ ಅವರ ದಿಂಬಿನ ಮೇಲೆ ಮಲಗುತ್ತಿದ್ದದ್ದು ಅದೊಂದೇ. ಈಗ ಹಸಿವೆಂದು ತಟ್ಟೆಗೆ ಓಡುವುದು, ಒಂದು ತುತ್ತು ಕಚ್ಚಿ ಚೀರಿ ಹಿಂದೆ ಸರಿಯುವುದು.

"ಇದನ್ನೂ ಕಳಕೊಂಡ್ರೆ ಆ ಮನೇಲಿ ನನಗೇನಿದೆ ಹೇಳು?" ಎಂದಳು.

ಮುದಿ ಬೆಕ್ಕಿನ ಹಲ್ಲನ್ನು ಅದರ ಮೈಯೇ ತಿಂದುಹಾಕುವ ರೋಗವೊಂದಿದೆ. ಎಕ್ಸ್-ರೇಯಲ್ಲಿ ಬೇರಿನ ಸುತ್ತ ಸಣ್ಣ ಕಪ್ಪು ಗೆರೆ ಕಂಡರೆ ಬೇರು ಇನ್ನೂ ಗಟ್ಟಿಯಾಗಿದೆ ಎಂದರ್ಥ, ಅಗೆದು ತೆಗೆಯಬೇಕು. ಗೆರೆ ಅಳಿಸಿ ಬೇರು ಮೂಳೆಯಲ್ಲಿ ಕರಗಿದ್ದರೆ ಮೇಲಿನ ಹಲ್ಲನ್ನಷ್ಟೇ ಕತ್ತರಿಸಿ ಒಸಡು ಹೊಲಿದರಾಯಿತು. ಇಲ್ಲದ ಬೇರಿಗಾಗಿ ಅಗೆದರೆ ದವಡೆಯೇ ಮುರಿದೀತು.

ಮಹಾರಾಣಿಯ ಚಿತ್ರದಲ್ಲಿ ಬೇರೂ ಇತ್ತು, ಗೆರೆಯೂ ಇತ್ತು. ಸಲಕರಣೆ ಕೈಗೆತ್ತಿಕೊಂಡೆ. ಆಗ ದವಡೆಯ ಕೆಳಗೆ ಇನ್ನೊಂದು ದವಡೆಯ ಮಸುಕು ಅಂಚು ಕಂಡು ಅದನ್ನು ಕೆಳಗಿಟ್ಟೆ. ಎಕ್ಸ್-ರೇ ಚಿತ್ರ ಮೂಡುವ ನಮ್ಮ ಪ್ಲೇಟನ್ನು ಪ್ರತಿಸಲ ಜೋರು ಬೆಳಕಿಗೆ ಒಡ್ಡಿ ಅಳಿಸದಿದ್ದರೆ ಹಳೆಯ ಚಿತ್ರ ಹೊಸದರಲ್ಲಿ ಸೇರಿಕೊಳ್ಳುತ್ತದೆ. ಆ ಬೇರು ದರ್ಜಿಯ ಬೆಕ್ಕಿನದು.

"ಅಳಿಸೋಕೇನು ರೋಗ?" ಎಂದು ಹರಿಹಾಯ್ದೆ.

"ಅಳಿಸಿದೀನಿ ಮೇಡಂ, ಆಣೆ!" ಎಂದಳು ನರ್ಸಮ್ಮ.

ಪೊಟ್ಟಣ ಒಡೆದು ಹೊಚ್ಚಹೊಸ ಪ್ಲೇಟು ಇಟ್ಟೆವು. ಅದರಲ್ಲೂ ಎರಡನೆಯ ದವಡೆ ಇತ್ತು, ತುಸು ಮಸುಕಾಗಿ. ಇನ್ನೊಮ್ಮೆ ತೆಗೆದಾಗ ಆ ಎರಡನೆಯ ದವಡೆಯೂ ಇಲ್ಲ, ಬೇರೂ ಇಲ್ಲ. ಎಲ್ಲಿಗೆ ಹೋಯಿತೆಂದು ಯೋಚಿಸುವ ಪುರುಸೊತ್ತಿರಲಿಲ್ಲ. ಮೇಲಿನ ಹಲ್ಲು ಕತ್ತರಿಸಿ ಹೊಲಿದೆ. ಮಹಾರಾಣಿ ಕಣ್ಣು ಬಿಟ್ಟಳು. ಹಾವೂ ಸತ್ತಿತು, ಕೋಲೂ ಉಳಿಯಿತು ಎಂದುಕೊಂಡೆ.

ಮರುವಾರ ಅಕ್ಕ ಮತ್ತೆ ಬಂದಳು. "ಸಿರಿಂಜಲ್ಲಿ ಹಾಕಿದ್ದಷ್ಟೇ ಹೊಟ್ಟೆಗೆ ಹೋಗ್ತಿದೆ ಕಣೇ. ತಟ್ಟೆ ಮುಂದೆ ಕೂತು ಮೇಲೆ ನೋಡುತ್ತೆ. ದಿಂಬಿನ ಹತ್ರಾನೂ ಸುಳಿಯಲ್ಲ."

ಒಸಡು ಮಾಗಿತ್ತು. ಒತ್ತಿದರೂ ನೋವಿಲ್ಲ. ಮೀನು ಇಟ್ಟೆ, ಬೆಚ್ಚಗಿನ ಕೋಳಿ ಇಟ್ಟೆ. ಅದು ನನ್ನ ಕೈಯನ್ನೇ ನೋಡುತ್ತಿತ್ತು, ಏನನ್ನೋ ಕಾಯುವಂತೆ. ನನಗೆ ಹೊಳೆಯಿತು. ಹೊಳೆಯದೇ ಇದ್ದಿದ್ದರೆ ಚೆನ್ನಿತ್ತು ಎನಿಸಿತು.

ಟ್ರೇಯಿಂದ ಕತ್ತರಿ ತೆಗೆದು ಗಾಳಿಯಲ್ಲಿ ಆಡಿಸಿದೆ. ಕಚಕ್ ಕಚಕ್.

ಬೆಕ್ಕು ತಲೆ ಬಗ್ಗಿಸಿ ತಿನ್ನತೊಡಗಿತು. ತಟ್ಟೆ ನೆಕ್ಕಿ ಮುಗಿಸಿತು. ನರ್ಸಮ್ಮ ಸದ್ದಿಲ್ಲದೆ ಹೊರಗೆ ಹೋದಳು.

ಅಕ್ಕ ಅಳುತ್ತ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು. "ಇದನ್ನ ಇದಕ್ಕೆ ಯಾರು ಕಲಿಸಿದ್ದು?"

ಅವಳ ಮುಂದೆ ನನಗೆ ಸುಳ್ಳು ಬರುವುದಿಲ್ಲ. ದರ್ಜಿಯ ಮಾತನ್ನೂ ಪ್ಲೇಟಿನ ಕಥೆಯನ್ನೂ ಹೇಳಿದೆ. ಅವಳು "ಮಹಾರಾಣೀ" ಎಂದು ಕರೆದಳು. ಬೆಕ್ಕು ತಿರುಗಲಿಲ್ಲ.

ಕತ್ತರಿಯನ್ನು ಕೇಳಿ ಇಸಿದುಕೊಂಡು ಚೀಲಕ್ಕೆ ಹಾಕಿದಳು. ಬೆಕ್ಕನ್ನು ಎತ್ತಿಕೊಂಡು ಬಾಗಿಲ ತನಕ ಹೋಗಿ ನಿಂತಳು.

"ಹಾಗಾದ್ರೆ ಆ ದರ್ಜಿ ಮಣ್ಣು ಮಾಡಿದ್ದು ಯಾರನ್ನ?"