ಬಾವಿಕಟ್ಟೆಗೆ ಬಿಡದವರು

ಸೇಫ್ಟಿ ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಗಳ ಬಿಳಿ ಸೀರೆಯ ನೆರಿಗೆ ಸರಿಮಾಡುತ್ತಿದ್ದ ರೋಸಲಿನ್, ಪಿನ್ ತೆಗೆದದ್ದೇ ಮಾತು ಶುರು ಮಾಡಿದಳು.

“ಡಾಕ್ಟರರ ಹತ್ತಿರ ಕೆಲಸಕ್ಕಿದ್ದೆ ಅಂತ ಹೇಳು, ಸಾಕು. ಪೇಶೆಂಟ್ ಅಂತ ಬೇಡ. ನೆವಿಲ್‌ನ ಮನೆಯವರು ಬರ್ತಾರೆ.”

ಆಶ್ಲಿ ಕನ್ನಡಿಯತ್ತ ತಿರುಗಿ ಸೆರಗು ಸರಿಮಾಡಿಕೊಂಡಳು. ಕಾಪುವಿನ ಇಗರ್ಜಿಯಲ್ಲಿ ಇನ್ನು ಸ್ವಲ್ಪ ಹೊತ್ತಿಗೆ ಡಾಕ್ಟರ್ ಎಸ್ತರ್ ಅವರ ಅಂತ್ಯಕ್ರಿಯೆಯ ಪೂಜೆ. ಪೂಜೆ ಮುಗಿದ ಮೇಲೆ ಎರಡು ಮಾತಾಡಬೇಕೆಂದು ಡಾಕ್ಟರರ ತಮ್ಮ ಬ್ಯಾಪ್ಟಿಸ್ಟ್ ಅವಳನ್ನು ಕೇಳಿಕೊಂಡಿದ್ದರು. ಎಸ್ತರ್ ಮಣಿಪಾಲದಲ್ಲಿ ಮೂರ್ಛೆರೋಗದ ಸಂಶೋಧನೆ ಮಾಡಿದವರು. ಗುಣವಾಗದ ಕಾಯಿಲೆಯವರ ನೋವು ಇಳಿಸಲು ಮನೆಮನೆಗೆ ಹೋದವರು. ಆಶ್ಲಿ ಚಿಕ್ಕಂದಿನಲ್ಲಿ ಅವರ ರೋಗಿಯಾಗಿ ಹೋಗಿ, ದೊಡ್ಡವಳಾದ ಮೇಲೆ ಅವರ ಜೊತೆಗೇ ಕೆಲಸಕ್ಕೆ ಸೇರಿದ್ದಳು. ಈಸ್ಟರ್ ಕಳೆದ ಮೇಲೆ ನೆವಿಲ್ ಜೊತೆ ಅವಳ ಮದುವೆ. ಫಿಟ್ಸ್‌ನ ವಿಷಯ ಅವನಿಗೆ ಗೊತ್ತಿಲ್ಲ. ಗೊತ್ತಾಗಲು ರೋಸಲಿನ್ ಬಿಟ್ಟಿಲ್ಲ.

“ಮದುವೆ ಆದ ಮೇಲೆ ಹೇಳು. ಆಗ ಬಿಟ್ಟು ಹೋಗಲಿಕ್ಕೆ ಆಗುವುದಿಲ್ಲ.”

“ಹೋಗುವವನಾದರೆ ಇವತ್ತೇ ಹೋಗಲಿ, ಅಲ್ವಾ ಮಮ್ಮಿ?”

“ನಿನಗೆ ಎಂತ ಗೊತ್ತುಂಟು? ಎರಡು ಸಂಬಂಧ ತಪ್ಪಿಹೋದಾಗ ಜನರಿಗೆ ಉತ್ತರ ಕೊಟ್ಟವಳು ನಾನು.”

ರೋಸಲಿನ್‌ಳದು ಕೆಟ್ಟ ಮನಸ್ಸಲ್ಲ, ಬರೀ ಹೆದರಿಕೆ. ಆಶ್ಲಿಗೂ ಹೆದರಿಕೆಯೇ. ತಾಯಿ ಹೇಳಿದ ಹಾಗೆ ಮಾಡಿದರೆ ಎಷ್ಟು ಸುಲಭ ಎಂದು ದಾರಿಯುದ್ದಕ್ಕೂ ಅನಿಸುತ್ತಲೇ ಇತ್ತು.

*

ಎಸ್ತರ್ ಅವರ ಮೊದಲ ಸಮೀಕ್ಷೆ ನೆಲಕಚ್ಚಿತ್ತು. “ಮನೆಯಲ್ಲಿ ಯಾರಿಗಾದರೂ ಮೂರ್ಛೆ ಉಂಟಾ?” ಎಂದು ಕೇಳಿದಲ್ಲೆಲ್ಲ “ಇಲ್ಲಪ್ಪ” ಎಂಬ ಒಂದೇ ಉತ್ತರ. ಕಾಗದದ ಮೇಲೆ ಇಡೀ ಕಾರ್ಕಳ ತಾಲೂಕೇ ಗಟ್ಟಿಮುಟ್ಟಾಗಿತ್ತು. ಮರುವರ್ಷ ಆಶ್ಲಿಯನ್ನು ಕರೆದುಕೊಂಡು ಅದೇ ಮನೆಗಳಿಗೆ ಮತ್ತೆ ಹೊರಟರು. ಸುಗಂಧಿ ಎಂಬಾಕೆಯ ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಮಲ್ಲಿಗೆಯ ಬೆಲೆ, ಮಳೆ, ಬಿಸಿಲು ಎಲ್ಲ ಮಾತಾಡಿ, ಏಳುವಾಗ ಕೇಳಿದರು:

“ಬಾವಿಯಿಂದ ನೀರು ಸೇದಲಿಕ್ಕೆ ಈ ಮನೆಯಲ್ಲಿ ಯಾರನ್ನು ಬಿಡುವುದಿಲ್ಲ?”

“ನಮ್ಮ ಮೋಕ್ಷಾಳನ್ನು,” ಎಂದಳು ಸುಗಂಧಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಫಿಟ್ಸ್ ಬಂದು ಬಾವಿಗೆ ಬಿದ್ದಾರೆಂಬ ಹೆದರಿಕೆಗೆ ಅಂಥವರನ್ನು ಯಾವ ಮನೆಯಲ್ಲೂ ಬಾವಿಕಟ್ಟೆಗೆ ಬಿಡುತ್ತಿರಲಿಲ್ಲ.

ಎಸ್ತರ್ ಗದರಲಿಲ್ಲ. ಚೀಲವನ್ನು ಕೆಳಗಿಟ್ಟು ಪುನಃ ಕುಳಿತರು.

“ಕರೆಯಿರಿ ಅವಳನ್ನು. ಮದ್ದು ಉಂಟು.”

*

ಕೊನೆಗೆ ಕ್ಯಾನ್ಸರ್ ಎಸ್ತರ್ ಅವರನ್ನೇ ಹಿಡಿಯಿತು. ಬೇರೆಯವರಿಗೆ ಮಾಡಿದ ಉಪಚಾರವನ್ನೇ ತಮಗೂ ಮಾಡಿಸಿಕೊಂಡರು: ನೋವಿಗೆ ತಕ್ಕಷ್ಟು ಮಾರ್ಫಿನ್, ಕಿಟಕಿಯ ಪಕ್ಕ ಮಂಚ. ಸುಳ್ಳು ಸಮಾಧಾನ ಮಾತ್ರ ಬೇಡವೆಂದರು. “ಹುಷಾರಾಗ್ತೀರಿ” ಎಂದ ನೆಂಟರೊಬ್ಬರಿಗೆ “ಆಯ್ತು, ಊಟ ಮಾಡಿ ಹೋಗಿ” ಎಂದಿದ್ದರು.

“ನೆವಿಲ್‌ಗೆ ನೀವೇ ಹೇಳಿಬಿಡಿ ಮೇಡಂ,” ಎಂದು ಆಶ್ಲಿ ಆ ಮಂಚದ ಬಳಿ ನಿಂತು ಬೇಡಿಕೊಂಡಳು.

“ನಾನು ಹೇಳುವುದಿಲ್ಲ. ನೋವಿಗೆ ಮದ್ದು ಉಂಟು, ಫಿಟ್ಸಿಗೆ ಮದ್ದು ಉಂಟು. ಮುಚ್ಚಿಡುವುದಕ್ಕೆ ನನ್ನ ಹತ್ತಿರ ಮದ್ದಿಲ್ಲ ಮಾರಾಯ್ತಿ.”

ಆಶ್ಲಿಗೆ ಸಿಟ್ಟು ಬಂದಿತ್ತು. ಸಾಯಲು ಮಲಗಿದವರು ಇಷ್ಟು ಹಟ ಮಾಡಬಾರದು ಎನಿಸಿತ್ತು.

*

ಇಗರ್ಜಿ ತುಂಬಿತ್ತು. ಕಾರ್ಕಳ, ಹೂಡೆ, ಮಲ್ಪೆ ಕಡೆಯಿಂದ ಬಂದವರಿಗೂ ತಿಳಿಯಲೆಂದು ಆಶ್ಲಿ ಕೊಂಕಣಿ ಬಿಟ್ಟು ಕನ್ನಡದಲ್ಲಿ ಮಾತಾಡಿದಳು. ಮುಂದಿನ ಬೆಂಚಿನಲ್ಲಿ ನೆವಿಲ್, ಅವನ ತಾಯಿ ಆನಿ, ಅವಳ ಪಕ್ಕದಲ್ಲಿ ರೋಸಲಿನ್.

“ಡಾಕ್ಟರ್ ನಿಮ್ಮಲ್ಲಿ ತುಂಬಾ ಜನರ ಮನೆಗೆ ಬಂದಿದ್ದಾರೆ. ಬಾವಿಕಟ್ಟೆಗೆ ಯಾರನ್ನು ಬಿಡುವುದಿಲ್ಲ ಅಂತ ಕೇಳಿದ್ದಾರೆ.”

ರೋಸಲಿನ್ ಬೇಡವೆಂದು ತಲೆ ಆಡಿಸುತ್ತಿದ್ದದ್ದು ಕಾಣುತ್ತಿತ್ತು.

“ನಮ್ಮ ಮನೆಯಲ್ಲಿ ನನ್ನನ್ನು ಬಿಡುವುದಿಲ್ಲ. ನನಗೆ ಫಿಟ್ಸ್ ಉಂಟು. ಮದ್ದು ತೆಗೆದುಕೊಳ್ತೇನೆ, ಕೆಲಸ ಮಾಡ್ತೇನೆ. ಅವರು ಹೋಗದೆ ಉಳಿದ ಮನೆಗಳಿಗೆ ಇನ್ನು ನಾನು ಬರ್ತೇನೆ. ದಯವಿಟ್ಟು ಇಲ್ಲ ಅನ್ನಬೇಡಿ.”

ಆನಿ ಒಮ್ಮೆ ರೋಸಲಿನ್‌ಳ ಮುಖ ನೋಡಿದಳು. ಆಮೇಲೆ ಎದ್ದು ಹೊರಗೆ ಹೋದಳು.

ಸಮಾಧಿಗೆ ಎಲ್ಲರೂ ಹಿಡಿಮಣ್ಣು ಹಾಕಿದ ಮೇಲೆ ನೆವಿಲ್ ಆಶ್ಲಿಯ ಬಳಿ ಬಂದ. ಅವನ ಕೈಗೂ ಮಣ್ಣು ಮೆತ್ತಿತ್ತು.

“ಮಮ್ಮಿ ಕಾರಲ್ಲಿ ಅಳ್ತಾ ಇದ್ದಾರೆ. ನನಗೆ ಮೊದಲೇ ಯಾಕೆ ಹೇಳಲಿಲ್ಲ?”

“ಹೆದರಿದೆ.”

“ಈಗ?”

“ಈಗಲೂ ಹೆದರಿಕೆ ಉಂಟು. ಸಂಜೆ ಮನೆಗೆ ಬಾ. ಏನು ಬೇಕಾದರೂ ಕೇಳು, ಹೇಳ್ತೇನೆ. ಆಮೇಲೆ ಬೇಡ ಅಂತ ಕಂಡರೆ ಬೇಡ ಅನ್ನು.”

ನೆವಿಲ್ ಅಂಗೈಯ ಮಣ್ಣು ಕೊಡವಿಕೊಂಡ. ಕಾರಿನ ಕಡೆಗೆ ನಡೆದ. ಆಶ್ಲಿ ಅವನ ಹಿಂದೆ ಹೋಗಲಿಲ್ಲ; ಬ್ಯಾಪ್ಟಿಸ್ಟ್ ಜೊತೆ ಹೂಮಾಲೆಗಳನ್ನು ಜೋಡಿಸಲು ನಿಂತಳು.

ರೋಸಲಿನ್ ಸ್ಮಶಾನದ ಗೋಡೆಯ ಬದಿಯ ಕಟ್ಟೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಅತ್ತು ಅವಳ ಕಣ್ಣು ಕೆಂಪಾಗಿತ್ತು. ಎಲ್ಲ ಹಾಳಾಯಿತು ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದಾಗ, ಪರಿಚಯವಿಲ್ಲದ ಹೆಂಗಸೊಬ್ಬಳು ಹತ್ತಿರ ಬಂದು ನಿಂತಳು.

“ಮಾತಾಡಿದ್ದು ನಿಮ್ಮ ಮಗಳಾ?”

“ಹೌದು.”

ಹೆಂಗಸು ಆಚೀಚೆ ನೋಡಿ, ಯಾರೂ ಕೇಳಿಸಿಕೊಳ್ಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು. “ಅವಳಿಗೆ ಎಷ್ಟನೇ ವರ್ಷಕ್ಕೆ ಶುರುವಾದದ್ದು?”

ಆ ನೋಟವನ್ನು ರೋಸಲಿನ್ ಚೆನ್ನಾಗಿ ಬಲ್ಲಳು. ಇಷ್ಟು ವರ್ಷ ತಾನೇ ಹಾಗೆ ಆಚೀಚೆ ನೋಡಿಕೊಂಡು ಬದುಕಿದವಳು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಸ್ವಲ್ಪ ಸರಿದು, ಕಟ್ಟೆಯ ಮೇಲೆ ಜಾಗ ಮಾಡಿದಳು.

“ಹತ್ತನೇ ವರ್ಷಕ್ಕೆ,” ಎಂದಳು, ದನಿ ತಗ್ಗಿಸದೆ. “ಕೂತುಕೊಳ್ಳಿ.”