ಬೇಲಿಯ ಆಚೆಯ ಸಾಲು

ಏಪ್ರಿಲ್ ಒಂಬತ್ತರಂದು ನಮ್ಮಲ್ಲಿ ಬಾವುಟ ಬೆಳಿಗ್ಗೆಯೆಲ್ಲ ಕಂಬದ ಅರ್ಧಕ್ಕೇ ನಿಂತಿರುತ್ತದೆ, ಹನ್ನೆರಡು ಹೊಡೆದ ಮೇಲೆ ತುದಿಗೇರುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ನಮ್ಮ ಡೆನ್ಮಾರ್ಕಿನೊಳಗೆ ಕಾಲಿಟ್ಟ ದಿನ ಅದು. ನನ್ನ ಗಂಡ ಐವಿಂದ್ ಆವತ್ತು ಹಗ್ಗ ಹಿಡಿದು ಅಂಗಳದಲ್ಲಿ ಓಡಾಡುವ ಗತ್ತು ನೋಡಿದರೆ, ದೇಶವನ್ನು ಇವನೊಬ್ಬನೇ ಬಿಡಿಸಿದನೇನೋ ಅನ್ನಿಸಬೇಕು. ಯುದ್ಧ ಮುಗಿದಾಗ ಅವನಿಗೆ ನಾಲ್ಕು ವರ್ಷ.

ಆ ದಿನ ನಮ್ಮ ಮನೆಯಲ್ಲಿ ಜರ್ಮನರು ಇರುವುದೂ ಒಂದು ರೂಢಿ. ಕೀಲ್ ಊರಿನ ಗೆರ್ಲಿಂಡೆ ಮತ್ತು ಅವಳ ಗಂಡ ಹಾರ್ಟ್‌ಮುಟ್ ಮೂವತ್ತು ವರ್ಷದಿಂದ ಪ್ರತಿ ಏಪ್ರಿಲ್ ತಪ್ಪದೆ ಬರುತ್ತಾರೆ. ಮೊದಲು ಸಮುದ್ರದ ಬದಿಯ ನಮ್ಮ ಪುಟ್ಟ ಮನೆಯನ್ನು ಬಾಡಿಗೆಗೆ ಹಿಡಿದಿದ್ದರು. ಎರಡನೆಯ ವರ್ಷಕ್ಕೆ ಸ್ನೇಹವಾಯಿತು, ಮೂರನೆಯ ವರ್ಷಕ್ಕೆ ಬಾಡಿಗೆ ಕೇಳಲು ನಾಚಿಕೆಯಾಯಿತು. ಗೆರ್ಲಿಂಡೆ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ನನಗೆ ಅಕ್ಕತಂಗಿಯರಿಲ್ಲ. ಇದ್ದಿದ್ದರೂ ಇವಳಷ್ಟು ಹತ್ತಿರವಾಗುತ್ತಿದ್ದರೋ ಇಲ್ಲವೋ.

ಬಾವುಟ ಏರಿದ ಮೇಲೆ ನಾಲ್ವರೂ ಚರ್ಚಿನ ಸ್ಮಶಾನಕ್ಕೆ ಹೋಗಿ ನನ್ನ ಸೋದರಮಾವ ಆಸ್ಗರ್‌ನ ಕಲ್ಲಿನ ಮುಂದೆ ಹೂ ಇಡುತ್ತೇವೆ. ಯುದ್ಧ ಮುಗಿಯಲು ಮೂರು ವಾರವಿದ್ದಾಗ ಜರ್ಮನರು ಅವನನ್ನು ಗೋಡೆಗೆ ನಿಲ್ಲಿಸಿ ಗುಂಡು ಹೊಡೆದರು. ಅವನಿಗೆ ಇಪ್ಪತ್ತೆರಡು. ಪ್ರತಿ ವರ್ಷವೂ ಗೆರ್ಲಿಂಡೆ ಅಲ್ಲಿ ಕಣ್ಣೀರು ಹಾಕಿ ನಮ್ಮನ್ನು ಕ್ಷಮಿಸು ಎನ್ನುತ್ತಿದ್ದಳು. ನಾನು ಅವಳ ಕೈ ತಟ್ಟಿ, ಆಗಿದ್ದು ಆಗಿಹೋಯಿತು ಬಿಡು ಎನ್ನುತ್ತಿದ್ದೆ. ಸುಳ್ಳೇಕೆ, ಆ ಗಳಿಗೆ ನನಗೆ ಹಿತವಾಗಿರುತ್ತಿತ್ತು. ತಪ್ಪು ಇನ್ನೊಬ್ಬರದಾಗಿದ್ದಾಗ ದೊಡ್ಡ ಮನಸ್ಸು ಮಾಡುವುದು ಬಹಳ ಸುಲಭ.

ಈ ವರ್ಷ ಹನ್ನೊಂದರ ಸುಮಾರಿಗೆ ಕಾಫಿಗೆ ಕೂತಿದ್ದೆವು. ಗೆರ್ಲಿಂಡೆಯ ತಾಯಿ ಜನವರಿಯಲ್ಲಿ ತೀರಿಕೊಂಡಿದ್ದರು, ತೊಂಬತ್ತೆರಡು ವರ್ಷವಾಗಿತ್ತು. ಕೊನೆಗಾಲದಲ್ಲಿ ಕಷ್ಟವಾಯಿತೇ ಎಂದು ಐವಿಂದ್ ಕೇಳಿದ. ಅವಳು ಕಿಟಕಿಯಾಚೆ ಅರ್ಧಕ್ಕೆ ನಿಂತ ಬಾವುಟವನ್ನು ನೋಡಿದಳು. ಆಮೇಲೆ, ನಾನು ಐದು ವರ್ಷದವಳಿದ್ದಾಗ ನಿಮ್ಮ ದೇಶದಲ್ಲೇ ಇದ್ದೆ ಎಂದಳು.

ಮೂವತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಯುದ್ಧದ ಕೊನೆಯಲ್ಲಿ ರಷ್ಯನ್ನರಿಗೆ ಹೆದರಿ ಆಗ ಜರ್ಮನಿಯದೇ ಆಗಿದ್ದ ಪೂರ್ವ ಪ್ರಷ್ಯದಿಂದ ಹಡಗು ಹತ್ತಿದವರಲ್ಲಿ ಅವಳ ತಾಯಿಯೂ ಒಬ್ಬಳು, ಜೊತೆಯಲ್ಲಿ ಇವಳು, ಕಂಕುಳಲ್ಲಿ ಕೈಗೂಸಾಗಿದ್ದ ಇವಳ ತಮ್ಮ. ಡೆನ್ಮಾರ್ಕಿನ ಒಂದು ಶಾಲೆಯಲ್ಲಿ ಹುಲ್ಲು ಹಾಸಿ ಮಲಗಿಸಿದರು, ಸುತ್ತ ಮುಳ್ಳುತಂತಿ. ಬೇಸಿಗೆಯಲ್ಲಿ ಮಗುವಿಗೆ ಭೇದಿ ಹತ್ತಿತು. ಜರ್ಮನರನ್ನು ನೋಡುವುದಿಲ್ಲ ಎಂದು ಊರಿನ ಡಾಕ್ಟರು ಹೇಳಿಕಳಿಸಿದರು. ನಾಲ್ಕನೆಯ ದಿನ ಮಗುವನ್ನು ಸಾಬೂನಿನ ಪೆಟ್ಟಿಗೆಯಲ್ಲಿಟ್ಟು ಮಣ್ಣು ಮಾಡಿದರು.

"ಡೆನ್ಮಾರ್ಕಿನವರ ಮುಂದೆ ಈ ಮಾತು ಎತ್ತಬೇಡ, ನಮ್ಮವರು ಮಾಡಿದ್ದರ ಮುಂದೆ ಇದೇನು ಮಹಾ ಅಂತಿದ್ಲು ಅಮ್ಮ," ಎಂದಳು ಗೆರ್ಲಿಂಡೆ. "ಈಗ ಅವಳಿಲ್ಲ. ನಿಮ್ಮನ್ನ ನೋಯಿಸೋಕೆ ಅಲ್ಲ ಹೇಳಿದ್ದು. ಒಂದ್ಸಲ ನಿಮ್ಮ ಮನೇಲಿ ಅವನ ಹೆಸರು ಹೇಳ್ಬೇಕು ಅನ್ನಿಸ್ತು. ಯೋಖೆನ್."

ಐವಿಂದ್ ಕಣ್ಣೊರೆಸಿಕೊಂಡ. ನಾನು ಕೇಳಿದ್ದು ಒಂದೇ, ಅದು ಯಾವ ಊರಿನ ಶಾಲೆ ಎಂದು. ಅವಳು ದೂರದ ಒಂದು ದ್ವೀಪದ ಹೆಸರು ಹೇಳಿದಳು. ಅಬ್ಬ, ನಮ್ಮೂರಲ್ಲ ಎಂದುಕೊಂಡೆ. ಅಂದುಕೊಂಡದ್ದಕ್ಕೇ ಮುಖ ಉರಿಯಿತು.

ನಮ್ಮೂರ ಶಾಲೆಯಲ್ಲೂ ಅಂಥ ಜರ್ಮನ್ ನಿರಾಶ್ರಿತರನ್ನೇ ಇಟ್ಟಿದ್ದರು. ನನ್ನಮ್ಮ ಆಗ ಈ ಊರಿನ ದಾದಿ. ನಾನು ಬಾಯಿ ಮುಚ್ಚಿಕೊಂಡು ಇನ್ನೊಂದು ಸುತ್ತು ಕಾಫಿ ಬಗ್ಗಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಗೆರ್ಲಿಂಡೆ ನನ್ನ ಗೆರ್ಲಿಂಡೆಯಾಗಿಯೇ ಉಳಿಯುತ್ತಿದ್ದಳು. ಆ ಆಸೆ ಜೋರಾಗಿಯೇ ಇತ್ತು. ಆದರೆ ಯೋಖೆನ್ ಎಂಬ ಹೆಸರು ಮೇಜಿನ ಮೇಲೆ ಇತ್ತು, ಅದರ ಪಕ್ಕದಲ್ಲಿ ಕೂತು ಬಿಸ್ಕತ್ತು ತಿನ್ನುವುದು ನನ್ನಿಂದಾಗಲಿಲ್ಲ.

ಹೇಳಿಬಿಟ್ಟೆ. ಆಸ್ಗರ್ ಸತ್ತು ಮೂರು ತಿಂಗಳಾಗಿತ್ತು. ಅಮ್ಮ ಸೈಕಲ್ ತುಳಿದುಕೊಂಡು ಶಾಲೆಯ ಬೇಲಿಯ ಪಕ್ಕ ಬರುವಾಗ ಒಬ್ಬ ಹೆಂಗಸು ಕೂಸನ್ನು ತಂತಿಯ ಮೇಲೆ ಎತ್ತಿ ಹಿಡಿದು ಕೂಗಿದಳು. ಅಮ್ಮನ ಚೀಲದಲ್ಲಿ ಔಷಧಿಯಿತ್ತು. ಅಮ್ಮ ಸೈಕಲ್ ನಿಲ್ಲಿಸಲಿಲ್ಲ. ಎರಡು ದಿನ ಬಿಟ್ಟು ಅದೇ ದಾರಿಯಲ್ಲಿ ಹೋದಾಗ ಆ ಹೆಂಗಸು ಅದೇ ಜಾಗದಲ್ಲಿ ಬರಿಗೈಯಲ್ಲಿ ನಿಂತಿದ್ದಳು. ಅಮ್ಮ ಸಾಯುವ ವರ್ಷ ನನಗೊಬ್ಬಳಿಗೇ ಇದನ್ನು ಹೇಳಿದ್ದಳು. ಐವಿಂದನಿಗೂ ನಾನು ತಿಳಿಸಿರಲಿಲ್ಲ.

"ನಿನಗೆ ಗೊತ್ತಾಗಿ ಎಷ್ಟು ವರ್ಷ ಆಯ್ತು?" ಎಂದು ಗೆರ್ಲಿಂಡೆ ಕೇಳಿದಳು.

"ಹತ್ತೊಂಬತ್ತು."

"ಹಾಗಾದ್ರೆ ಹತ್ತೊಂಬತ್ತು ಸಲ ಗೊತ್ತಿದ್ದೂ ನನ್ನ ಕೈ ತಟ್ಟಿದ್ದೀಯ."

ಕ್ಷಮಿಸು ಎಂದೆ. ಅವಳು ಬಹಳ ಮೆಲ್ಲಗೆ, ಪಾಠ ಹೇಳುವವಳ ಹಾಗೆ ಹೇಳಿದಳು. "ಅದು ನನ್ನಿಂದ ಆಗಲ್ಲ, ಬೋಡಿಲ್. ನಾನು ಆ ಮಗೂನ ತಾಯಿ ಅಲ್ಲ."

ನಾನೂ ಆಸ್ಗರ್ ಅಲ್ಲವಲ್ಲ. ಅವನ ಹೆಸರಿನಲ್ಲಿ ಮೂವತ್ತು ವರ್ಷ ಕ್ಷಮೆ ಹಂಚುತ್ತ ಕೂತಿದ್ದೆ, ಯಾರನ್ನು ಕೇಳಿ ಹಂಚಿದೆನೋ.

ಗಂಟೆ ಹನ್ನೆರಡಾಯಿತು. ಐವಿಂದ್ ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡಿ, ಹಾರ್ಟ್‌ಮುಟ್‌ನನ್ನು ಕರೆದುಕೊಂಡು ಹೋಗಿ ಬಾವುಟ ಏರಿಸಿದ. ಗೆರ್ಲಿಂಡೆ ಎದ್ದು ಕೋಟು ಹಾಕಿಕೊಂಡಳು. ಪೆಟ್ಟಿಗೆ ಕಟ್ಟಲು ಹೊರಟಳೇನೋ ಎಂದುಕೊಂಡೆ. ಅವಳು ತೋಟಕ್ಕೆ ಹೋಗಿ ಹಳದಿ ಡ್ಯಾಫೊಡಿಲ್ ಹೂಗಳನ್ನು ಕೊಯ್ಯತೊಡಗಿದಳು, ಪ್ರತಿ ವರ್ಷಕ್ಕಿಂತ ಜಾಸ್ತಿಯೇ.

ನಾಲ್ವರೂ ಕಾರಿನಲ್ಲಿ ಸ್ಮಶಾನಕ್ಕೆ ಹೋದೆವು. ಆಸ್ಗರ್‌ನ ಕಲ್ಲಿಗೆ ಅವಳು ಎಂದಿನಂತೆ ಹೂವಿಟ್ಟಳು, ಆದರೆ ಈ ಸಲ ಕ್ಷಮೆ ಕೇಳಲಿಲ್ಲ. ನಿಮ್ಮೂರಿನ ಶಾಲೆಯಲ್ಲಿ ಸತ್ತ ಮಕ್ಕಳು ಎಲ್ಲಿದ್ದಾರೆ ಎಂದು ಕೇಳಿದಳು. ನಾನು ಪೊದೆಬೇಲಿಯ ಆಚೆಗೆ ಕೈ ತೋರಿಸಿದೆ. ಇಪ್ಪತ್ತು ಹೆಜ್ಜೆ ದೂರ. ಅಲ್ಲಿಗೆ ನಾನು ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಮೊಣಕಾಲೆತ್ತರದ ಏಳು ಶಿಲುಬೆಗಳು. ನಾಲ್ಕರ ಮೇಲೆ ಹೆಸರಿತ್ತು, ಮೂರರ ಮೇಲೆ ಜರ್ಮನ್ ಮಗು ಎಂದಷ್ಟೇ. ಇದರಲ್ಲಿ ಆ ಮಗುವಿನದು ಯಾವುದು ಎಂದು ಅವಳು ಕೇಳಿದಳು. ಗೊತ್ತಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ ಎಂದೆ.

ಅವಳು ಉಳಿದ ಹೂಗಳನ್ನು ನನ್ನ ಕೈಗೆ ಕೊಟ್ಟಳು. "ಯಾವುದು ಅಂತ ಗೊತ್ತಿಲ್ಲ ಅಂದ್ರೆ ಏಳಕ್ಕೂ ಹೇಳ್ಬೇಕಾಗುತ್ತೆ."

ಅವಳು ಬೇಲಿಯ ಹತ್ತಿರವೇ ನಿಂತಳು. ನಾನು ಮೊದಲನೆಯ ಶಿಲುಬೆಯ ಮುಂದೆ ಬಗ್ಗಿ ಹೂವಿಟ್ಟು, "ನನ್ನಮ್ಮನ ಹೆಸರು ಡಾಗ್ನಿ. ಅವತ್ತು ಅವಳ ಚೀಲದಲ್ಲಿ ಔಷಧಿ ಇತ್ತು," ಎಂದೆ. ಎರಡನೆಯದಕ್ಕೂ ಹೇಳಿದೆ, ಮೂರನೆಯದಕ್ಕೂ ಹೇಳಿದೆ. ನಾಲ್ಕನೆಯದರ ಮುಂದೆ ಅಮ್ಮನ ಹೆಸರು ಬಾಯಿಂದ ಹೊರಡಲಿಲ್ಲ. ಅಳು ಒತ್ತಿ ಬಂತು.

ಹಿಂದಿನಿಂದ ಹೆಜ್ಜೆ ಸದ್ದಾಯಿತು. ಗೆರ್ಲಿಂಡೆ ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು ಆ ಶಿಲುಬೆಯ ಕಡೆ ತಿರುಗಿದಳು.

"ಇವಳಮ್ಮನ ಹೆಸರು ಡಾಗ್ನಿ," ಎಂದಳು. "ಅವಳ ತಮ್ಮನ್ನ ನಮ್ಮವರು ಕೊಂದಿದ್ರು. ಅವತ್ತು ಅವಳ ಚೀಲದಲ್ಲಿ ಔಷಧಿ ಇತ್ತು."